ಬಲಗಡೆಯ ಹೂವು

ಸಂಭವನೀಯತೆಯ ಪಾಠದಿಂದ ಪರೀಕ್ಷೆಗೆ ಬರುವ ಅಂಕ ಕಡಿಮೆ, ಚಾಯ್ಸ್‌ನಲ್ಲಿ ಬಿಟ್ಟುಬಿಡಿ ಎಂದು ಹಳ್ಳಿಮೈಸೂರಿನ ನಮ್ಮ ಹೈಸ್ಕೂಲಿನಲ್ಲಿ ಹಿಂದಿನ ವರ್ಷ ಎಸ್ಸೆಸ್ಸೆಲ್ಸಿ ಮುಗಿಸಿದವರು ಹೇಳಿಕೊಟ್ಟಿದ್ದರು. ಗಣಿತದ ಮೇಷ್ಟ್ರು ಬಿಡಲಿಲ್ಲ. ನಾಣ್ಯ ಚಿಮ್ಮಿ ತೋರಿಸಿದರು. ಆಮೇಲೆ ಅದರ ಒಂದು ಮುಖಕ್ಕೆ ಮೇಣ ಮೆತ್ತಿ ಮತ್ತೆ ಮತ್ತೆ ಚಿಮ್ಮಿದರು. ಹೆಚ್ಚು ಸಲ ಒಂದೇ ಮುಖ ಬಿತ್ತು.

"ಎರಡು ಉತ್ತರ ಅವೆ ಅಂದ್ ಮಾತ್ರಕ್ಕೆ ಎರಡೂ ಸಮ ಅಲ್ಲ ಕಣ್ರಪ್ಪ" ಎಂದರು.

ಎರಡೇ ಉತ್ತರದ ಇನ್ನೊಂದು ಪ್ರಶ್ನೆ ನನಗೆ ಗೊತ್ತಿತ್ತು. ನಮ್ಮೂರಿನ ಅಮ್ಮನ ಗುಡಿಯಲ್ಲಿ ಹೂ ಕೇಳುತ್ತಿದ್ದರು. ಪೂಜಾರಿ ವಿಗ್ರಹದ ಎರಡೂ ಭುಜಕ್ಕೆ ಒದ್ದೆ ಹೂ ಅಂಟಿಸುತ್ತಿದ್ದರು. ಬಲಗಡೆಯದು ಮೊದಲು ಬಿದ್ದರೆ ಅಪ್ಪಣೆ, ಎಡಗಡೆಯದು ಬಿದ್ದರೆ ಬೇಡ. ಬೋರ್‌ವೆಲ್ ಕೊರೆಸುವುದಕ್ಕೂ ಹೆಣ್ಣು ಕೊಡುವುದಕ್ಕೂ ಅದೇ ತೀರ್ಮಾನ.

ಆ ಚಳಿಗಾಲವೆಲ್ಲ ಅಜ್ಜಿಯ ಜೊತೆ ಗುಡಿಗೆ ಹೋದಾಗ ಕಂಬಕ್ಕೊರಗಿ ನೋಡಿದೆ. ಗಣಿತದ ನೋಟ್‌ಬುಕ್ಕಿನ ಕೊನೆಯ ಹಾಳೆಯಲ್ಲಿ ಬಲಕ್ಕೆ ಬಿದ್ದದ್ದಕ್ಕೆ ಒಂದು ಗೀಟು, ಎಡಕ್ಕೆ ಬಿದ್ದದ್ದಕ್ಕೆ ಇನ್ನೊಂದು ಕಡೆ ಗೀಟು. ಬಲಗಡೆಯ ಗೀಟುಗಳು ಕಟ್ಟು ಕಟ್ಟಾಗಿ ಬೆಳೆದವು. ಕಾರಣವೂ ಕಂಡಿತು: ದೊಡ್ಡ ದೀಪದ ಕಂಬ ನಿಲ್ಲಿಸಿದ್ದು ಆ ಕಡೆ. ಕಾವಿಗೆ ನೀರಾರಿ ಅಲ್ಲಿನ ಹೂ ಮೊದಲು ಜಾರುತ್ತಿತ್ತು. ಮೇಷ್ಟ್ರಿಗೆ ತೋರಿಸಿದೆ. ಲೆಕ್ಕ ಸರಿಯಾಗಿದೆ, ಊರಲ್ಲಿ ಮಾತ್ರ ಹೇಳಬೇಡ ಎಂದರು. ಹೇಳಲಿಲ್ಲ.

ಫಲಿತಾಂಶ ಬಂತು. ನನಗೆ ಹಾಸನದಲ್ಲಿ ಪಿಯುಸಿ ವಿಜ್ಞಾನಕ್ಕೆ ಸೇರಬೇಕಿತ್ತು. ಹಾಸ್ಟೆಲ್ಲು ಎಂದ ಕೂಡಲೇ ಅಪ್ಪ ಎದ್ದು ಹೊಲದ ಕಡೆ ಹೋದರು. ಎರಡು ದಿನ ಬಿಟ್ಟು, ಅಮ್ಮನ ಹತ್ತಿರ ಹೂ ಕೇಳೋಣ ಎಂದರು. ಅಣ್ಣ ಹಿಂದಿನ ವರ್ಷವೇ ಹಾಸನದ ಹಾಸ್ಟೆಲ್ ಸೇರಿದ್ದ. ಅವನ ಹೆಸರಿನಲ್ಲಿ ಯಾರೂ ಗುಡಿಗೆ ಹೋಗಿರಲಿಲ್ಲ.

ಶುಕ್ರವಾರ ಗುಡಿಯಲ್ಲಿ ಕೂತೆವು. ಪೂಜಾರಿ ಹೂವನ್ನು ನೀರಿಗೆ ಅದ್ದಿದರು. ಅಜ್ಜಿ ನನ್ನ ಮೊಣಕೈ ಒತ್ತಿ, "ಅಮ್ಮ ಯಾರ್ಗೂ ಇಲ್ಲ ಅನ್ನಾಕಿಲ್ಲ, ಸುಮ್ಕಿರು" ಎಂದು ಪಿಸುಗುಟ್ಟಿದರು. ಗೀಟು ಹಾಕದೆಯೇ ಅವರಿಗೂ ಆ ಲೆಕ್ಕ ಗೊತ್ತಿತ್ತು. ದೀಪ ಚೆನ್ನಾಗಿ ಉರಿಯುತ್ತಿತ್ತು. ಸುಮ್ಮನೆ ಕೂತಿದ್ದರೆ ಸಾಕಿತ್ತು.

ನಾನು ಎದ್ದು ನಿಂತೆ. "ಹೂ ಅಂಟಿಸ್ಬ್ಯಾಡಿ ಪೂಜಾರಪ್ಪ. ನನ್ನ ವಿಷ್ಯ ಕೇಳ್ಬ್ಯಾಡಿ."

ಬಲಗಡೆಗೆ ಬಿದ್ದರೆ ಏನು ಕಷ್ಟ ಎಂದು ಅಪ್ಪ ಕೇಳಿದರು.

"ಬಲಗಡೆಗೇ ಬೀಳ್ತದೆ, ಗೊತ್ತು. ಅಣ್ಣನ್ನ ಸೇರಿಸ್ವಾಗ ಯಾವ ಹೂ ಕೇಳಿದ್ರಿ?"

"ಅವ್ನು ಗಂಡು ಕಣವ್ವ."

"ಅಂಗಾದ್ರೆ ಅದನ್ನೇ ಯೋಳಿ. ಅಮ್ಮನ್ ಮ್ಯಾಲೆ ಯಾಕ್ ಹಾಕ್ತೀರಿ? ಕಳಿಸ್ತೀನಿ ಅನ್ನಿ, ಇಲ್ಲ ಕಳಿಸಾಕಿಲ್ಲ ಅನ್ನಿ. ನಿಮ್ಮ ಬಾಯಿಂದ ಬರ್ಲಿ."

ಇಂಥ ಮಾತನ್ನು ಆ ಗುಡಿಯಲ್ಲಿ ಯಾರೂ ಆಡಿದ್ದನ್ನು ನಾನು ಕೇಳಿರಲಿಲ್ಲ. ಪೂಜಾರಿ ಎರಡು ಹೂವನ್ನೂ ತಟ್ಟೆಗೆ ಹಾಕಿ ಹೊರಗೆ ಹೋದರು. ಅಜ್ಜಿ ಸೆರಗಿನಿಂದ ಮುಖ ಒರೆಸಿಕೊಂಡರು. ಅಪ್ಪ ಎದ್ದು ಟವೆಲ್ ಕೊಡವಿ ಹೆಗಲಿಗೆ ಹಾಕಿಕೊಂಡರು. ಕೊನೆಗೆ, ನನ್ನ ಕಡೆ ತಿರುಗದೆ, "ಕಳಿಸ್ತೀನಿ" ಎಂದರು.

ಪ್ರೀತಿಯಿಂದ ಹೇಳಿದ್ದಲ್ಲ. ಆದರೂ ಅದು ಅವರದೇ ಮಾತಾಗಿತ್ತು. ಅದರಿಂದ ತಪ್ಪಿಸಿಕೊಳ್ಳಲು ಯಾವ ಹೂವೂ ಇರಲಿಲ್ಲ.

ಹಾಸನದಲ್ಲಿ ಮೊದಲ ಕಿರುಪರೀಕ್ಷೆಯಲ್ಲೇ ಕೆಮಿಸ್ಟ್ರಿ ಫೇಲಾದೆ. ಹೂ ಕೇಳದೆ ಹೋದದ್ದಕ್ಕೇ ಹೀಗಾಯಿತು ಎಂದು ಅಜ್ಜಿ ನೆಂಟರಿಗೆಲ್ಲ ಹೇಳಿದರು. ಹಬ್ಬಕ್ಕೆ ಊರಿಗೆ ಬಂದಾಗ ಅಣ್ಣನ ಅಂಕಪಟ್ಟಿ ಅವರ ಮುಂದಿಟ್ಟೆ. ಅವನು ಎರಡು ವಿಷಯದಲ್ಲಿ ಫೇಲಾಗಿದ್ದ. ಇವನಿಗೂ ಹೂ ಕೇಳಿರಲಿಲ್ಲ, ನೆಂಟರಿಗೆ ಅದನ್ನು ಯಾಕೆ ಹೇಳಲಿಲ್ಲ ಎಂದು ಕೇಳಿದೆ.

ಅಜ್ಜಿ ಕನ್ನಡಕ ತೆಗೆದಿಟ್ಟು ಅವರೆಕಾಯಿ ಬಿಡಿಸತೊಡಗಿದರು.