ಅಕ್ಕನ ಫೋನಿಗೆ ಹೋಗುವ ಓಟಿಪಿ

ನಮ್ಮಮ್ಮನಿಗೆ ಕಂಪ್ಯೂಟರಿನಲ್ಲಿ ಗೊತ್ತಿರುವುದು ಒಂದೇ ಬಟನ್. ರೀಸೆಂಡ್ ಓಟಿಪಿ.

ಮೌಸ್ ಹಿಡಿಯಲು ಬರುವುದಿಲ್ಲ. ಪರದೆಯ ಮೇಲೆ ಆ ನೀಲಿ ಅಕ್ಷರಗಳು ಎಲ್ಲಿ ಮೂಡುತ್ತವೆ ಎನ್ನುವುದು ಮಾತ್ರ ಪಕ್ಕಾ ಗೊತ್ತು. ಅಲ್ಲಿ ಬೆರಳಿಟ್ಟು, ಇಲ್ಲಿ ಒತ್ತು ಎನ್ನುತ್ತಾಳೆ. ಹೋದ ತಿಂಗಳು ಹೀಗೇ ಒತ್ತಿಸಿ ಒತ್ತಿಸಿ, ನಮ್ಮ ವೆಬ್‌ಸೈಟಿಗೆ ಒಂದಿಡೀ ದಿನ ಬೀಗ ಬೀಳುವಂತೆ ಮಾಡಿದಳು.

ಯಾಕೆ ಎಂದು ಹೇಳಬೇಕಾದರೆ ಮನೆಯ ವಿಷಯ ಬರೆಯಬೇಕು. ಈ ಅಂಕಣ ಓದುತ್ತ ಬಂದವರಿಗೆ ಗೊತ್ತು, ಬಸ್‌ಸ್ಟ್ಯಾಂಡು, ಬ್ಯಾಂಕಿನ ಕ್ಯೂ, ಮದುವೆಮನೆಯ ಊಟ ಎಲ್ಲದರ ಬಗ್ಗೆಯೂ ಬರೆದಿದ್ದೇನೆ. ನಮ್ಮ ಮನೆಯ ಬಾಗಿಲು ಮಾತ್ರ ತೆರೆದಿಲ್ಲ. ಈ ವಾರ ಸ್ವಲ್ಪ ತೆರೆಯುತ್ತೇನೆ. (ಅಪ್ಪ ಈ ಪುಟ ಓದುವುದಿಲ್ಲ. ಪೇಟೆ ಧಾರಣೆ ನೋಡಿ ಪೇಪರ್ ಮಡಿಚಿಡುತ್ತಾರೆ.)

ನಮ್ಮದು ಮಧುಗಿರಿಯಲ್ಲಿ ಹುಣಸೆಹಣ್ಣಿನ ಅಂಗಡಿ, ಹಿಂದೆಯೇ ಮನೆ. ಐ.ಡಿ.ಹಳ್ಳಿ, ದೊಡ್ಡೇರಿ, ಆಚೆ ಕೊರಟಗೆರೆಯ ಕಡೆಯಿಂದ ಹಣ್ಣು ಬರುತ್ತದೆ. ಸಿಪ್ಪೆ ಒಡೆದು, ನಾರು ಎಳೆದು, ಬೀಜ ಬಿಡಿಸಿ, ಉಂಡೆ ಕಟ್ಟಿ ಮಾರುತ್ತೇವೆ. ಅಂಗಡಿಗೆ ಒಂದು ವೆಬ್‌ಸೈಟೂ ಇದೆ. ಅಕ್ಕ ಬಿಸಿಎ ಕೊನೆಯ ವರ್ಷದಲ್ಲಿದ್ದಾಗ ಮಾಡಿದ್ದು. ಅದರಲ್ಲಿ ಏನೂ ಕೊಳ್ಳಲು ಬರುವುದಿಲ್ಲ. ನಾಲ್ಕು ಫೋಟೊ, ಒಂದು ವಿಳಾಸ, ಅಷ್ಟೇ. ಒಂದು ಫೋಟೊದಲ್ಲಿ ಅಪ್ಪ ಬೇಡ ಬೇಡ ಎಂದು ಕೈ ಅಡ್ಡ ಹಿಡಿದಿದ್ದಾರೆ, ಅಕ್ಕ ಅದನ್ನೇ ಹಾಕಿದ್ದಾಳೆ. ಕೆಳಗೆ ಅವಳದೇ ಒಕ್ಕಣೆ: "ಮಧ್ಯಾಹ್ನ ಅಪ್ಪ ಊಟಕ್ಕೆ ಹೋಗುತ್ತಾರೆ. ಆಗ ಬಂದು ಬಾಗಿಲು ಬಡಿಯಬೇಡಿ. ಬಡಿದರೂ ಪ್ರಯೋಜನವಿಲ್ಲ, ಊಟವಾದ ಮೇಲೆ ಮಲಗುತ್ತಾರೆ."

ಯಾವ ಕಂಪನಿಯ ವೆಬ್‌ಸೈಟಿನಲ್ಲಿ ಇಂಥ ಮಾಹಿತಿ ಸಿಗುತ್ತದೆ ಹೇಳಿ?

ಅಕ್ಕ ಎರಡು ವರ್ಷದ ಹಿಂದೆ ತಾನು ಮೆಚ್ಚಿದವರನ್ನು ಮದುವೆಯಾಗಿ ಪಾವಗಡಕ್ಕೆ ಹೋದಳು. ಭಾವ ನಮ್ಮ ಪೈಕಿಯವರಲ್ಲ. ಮನೆಮಾತು ತೆಲುಗು. ಅಪ್ಪ ಒಪ್ಪಲಿಲ್ಲ. ಅಂದಿನಿಂದ ಅವಳ ಹೆಸರನ್ನು ನಮ್ಮ ಮನೆಯಲ್ಲಿ ಯಾರೂ ಎತ್ತಿಲ್ಲ, ಅವಳೂ ಫೋನ್ ಮಾಡಿಲ್ಲ. ಇದಕ್ಕಿಂತ ಹೆಚ್ಚು ಬರೆಯಲಾರೆ.

ಪಾವಗಡವೇನು ಪರದೇಶವೇ? ಮಧುಗಿರಿಯಲ್ಲಿ ಬೆಳಿಗ್ಗೆ ಬಸ್ಸು ಹತ್ತಿದರೆ, ಹೋಗಿ, ಕಾಫಿ ಕುಡಿದು, ಸಂಜೆಯೊಳಗೆ ಆರಾಮಾಗಿ ವಾಪಸು ಬರಬಹುದು. ಅಂಗಡಿಯ ಮುಂದೆಯೇ ಆ ಬಸ್ಸು ಹೋಗುತ್ತದೆ. ದೂರ ಎಂದರೆ ಏನು ಎನ್ನುವುದನ್ನು ನಾನು ಅದರ ಬೋರ್ಡು ನೋಡಿ ಕಲಿತೆ.

ಅವಳ ನಂಬರ್ ನನ್ನ ಫೋನಿನಲ್ಲಿದೆ. ಅವಳ ವಾಟ್ಸಾಪ್ ಸ್ಟೇಟಸ್ ನಾನು ನೋಡುತ್ತೇನೆ, ನನ್ನದು ಅವಳು ನೋಡುತ್ತಾಳೆ. ಯಾರು ನೋಡಿದರು ಎಂದು ಇಬ್ಬರಿಗೂ ಗೊತ್ತಾಗುತ್ತದೆ. ನೋಡಿದೆ ಎಂದು ಗೊತ್ತಾಗಲಿ ಎಂದೇ ನೋಡುವುದು. (ನಾನು ಸ್ಟೇಟಸ್ ಹಾಕುವವಳಲ್ಲ. ಈ ಎರಡು ವರ್ಷದಿಂದ ಹಾಕುತ್ತಿದ್ದೇನೆ. ಹೆಚ್ಚಾಗಿ ಅಮ್ಮನ ಅಡುಗೆಯ ಫೋಟೊ.)

ಈಗ ವೆಬ್‌ಸೈಟಿಗೆ ಬೀಗ ಬಿದ್ದ ವಿಷಯ. ಈಚೆಗೆ ಫೋನ್ ಮಾಡುವ ಗಿರಾಕಿಗಳೆಲ್ಲ ಕೇಳುವುದು ಒಂದೇ, ಆನ್‌ಲೈನಲ್ಲಿ ಸಿಗುತ್ತಾ? ಸಿರಾದಲ್ಲಿ ವೆಬ್‌ಸೈಟ್ ಕೆಲಸ ಮಾಡಿಕೊಡುವ ನಸೀಮಾ ನನ್ನ ಕಾಲೇಜಿನ ಗೆಳತಿ. ಸೈಟು ಇದ್ದೇ ಇದೆಯಲ್ಲ, ಅದಕ್ಕೇ ಒಂದು ಸ್ಟೋರ್ ಸೇರಿಸಿದರಾಯಿತು, ಅರ್ಧ ದಿನದ ಕೆಲಸ ಎಂದಳು. ಅಪ್ಪನಿಗೆ ನಂಬಿಕೆಯಿಲ್ಲ. ನಮ್ಮಲ್ಲಿ ಗಿರಾಕಿ ಬಂದರೆ ಮೊದಲು ಒಂದು ಎಸಳು ಚಿವುಟಿ ಬಾಯಿಗೆ ಹಾಕಿಕೊಳ್ಳುತ್ತಾರೆ. ಕಣ್ಣು ಕಿರಿದು ಮಾಡುತ್ತಾರೆ. ಆಮೇಲೆ ರೇಟು ಕೇಳುತ್ತಾರೆ.

"ನಾಲಿಗೆ ಮ್ಯಾಲೆ ಇಕ್ಕಳ್ದೆ ಹುಣಸೆಹಣ್ಣು ಯಾರಮ್ಮ ತಗೊಂತಾರೆ? ಫೋಟೊ ನೆಕ್ತಾರಾ?" ಎಂದರು ಅಪ್ಪ.

ಆದರೂ ಬೇಡ ಎನ್ನಲಿಲ್ಲ. ನಸೀಮಾ ಲ್ಯಾಪ್‌ಟಾಪ್ ಹಿಡಿದು ಬಂದಳು. ಅಮ್ಮ ನಮಗೆ ಕಾಫಿ ತಂದು, ಹೋಗದೆ ಅಲ್ಲೇ ಮೂಟೆಯ ಮೇಲೆ ಕೂತಳು. ಅಪ್ಪ ತಕ್ಕಡಿಯ ಹತ್ತಿರ ನಮಗೆ ಬೆನ್ನು ಹಾಕಿ ಕೂತಿದ್ದರು.

ಪಾಸ್‌ವರ್ಡ್ ನನಗೆ ಗೊತ್ತಿತ್ತು. ಅಕ್ಕ ಎಲ್ಲದಕ್ಕೂ ಒಂದೇ ಪಾಸ್‌ವರ್ಡ್ ಇಡುವವಳು. ಹಾಕಿದೆ, ಒಪ್ಪಿತು. ಆಮೇಲೆ ಪರದೆಯ ಮೇಲೆ ಇನ್ನೊಂದು ಸಾಲು ಬಂತು. ನಿಮ್ಮ ಮೊಬೈಲಿಗೆ ಆರು ಅಂಕಿಯ ಓಟಿಪಿ ಕಳಿಸಲಾಗಿದೆ. ಮೊಬೈಲ್ ನಂಬರಿನ ಕೊನೆಯ ಎರಡು ಅಂಕಿ ಮಾತ್ರ ಕಾಣುತ್ತಿದ್ದವು. ನನಗೆ ಅಷ್ಟು ಸಾಕಾಯಿತು.

"ಅರೆ, ಯಾರಿಗೆ ಹೋಯ್ತು ಇದು?" ಎಂದಳು ನಸೀಮಾ.

ಅವಳು ನನ್ನ ಮುಖ ನೋಡಿ ಅರ್ಥ ಮಾಡಿಕೊಂಡಳು. ಈ ಹಳೆ ಸೈಟು ಬಿಟ್ಟುಬಿಡೋಣ, ಇದರಲ್ಲಿ ಏನಿದೆ ಮಹಾ, ಹೊಸದು ಮಾಡಿದರೆ ಇನ್ನೂ ಚೆನ್ನಾಗಿರುತ್ತೆ ಎಂದಳು. ಅದು ಸರಿಯಾದ ಸಲಹೆಯೇ. ಆಮೇಲೆ ಏನೋ ನೆನಪಾದವಳಂತೆ ಕೇಳಿದಳು, ಈ ಸೈಟಿನ ರಿನ್ಯೂವಲ್ ಯಾರು ಮಾಡಿಸ್ತಿದ್ದಾರೆ?

ರಿನ್ಯೂವಲ್ ಎಂದರೆ?

ವರ್ಷ ವರ್ಷ ಹಣ ಕಟ್ಟಬೇಕು, ಕಟ್ಟದಿದ್ದರೆ ಸೈಟು ಹೋಗಿಬಿಡುತ್ತದೆ ಎಂದು ವಿವರಿಸಿದಳು. ನಾನು ಕಟ್ಟಿರಲಿಲ್ಲ. ಒಂದು ಸಲ ಮಾಡಿದರೆ ಮುಗಿಯಿತು ಎಂದುಕೊಂಡಿದ್ದೆ. ಅಪ್ಪನಿಗಂತೂ ಅದು ಅಂಗಡಿಯ ಬೋರ್ಡಿನ ಹಾಗೆ, ಬರೆಸಿದರೆ ಇರುತ್ತದೆ. ನಾವ್ಯಾರೂ ಕಟ್ಟದ ಮೇಲೆ ಇನ್ನು ಕಟ್ಟುತ್ತಿದ್ದವರು ಯಾರು? ಅಪ್ಪನ ಕೈಯಲ್ಲಿದ್ದ ತೂಕದ ಬಟ್ಟು ತಟ್ಟೆಗೆ ಇಳಿಯಲಿಲ್ಲ. ಹಾಗೇ ಹಿಡಿದುಕೊಂಡು ಕೂತಿದ್ದರು.

ಅಮ್ಮ ಮೆಲ್ಲಗೆ ನನ್ನನ್ನು ಕೇಳಿದಳು. "ಈಗ ಅವಳ ಫೋನು ಸದ್ದು ಮಾಡಿರ್ತದಾ?"

"ಮಾಡಿರುತ್ತೆ."

"ನಮ್ಮದೂಂತ ಗೊತ್ತಾಗ್ತದಾ?"

"ಅಂಗಡಿ ಹೆಸರು ಬರುತ್ತಮ್ಮ ಅದರಲ್ಲಿ."

ಅಮ್ಮ ಎದ್ದು ಬಂದು ಪರದೆಯ ನೀಲಿ ಅಕ್ಷರಗಳ ಮೇಲೆ ಬೆರಳಿಟ್ಟಳು. ಆಮೇಲೆ, "ಇನ್ನೊಂದ್ಸಲ ಒತ್ತು" ಎಂದಳು.

ಒತ್ತಿದೆ. ಕಾದೆವು. ನನ್ನ ಫೋನು ಮೇಜಿನ ಮೇಲೆ ಸುಮ್ಮನೆ ಬಿದ್ದಿತ್ತು. ಓಟಿಪಿಯ ಆಯಸ್ಸು ಎಷ್ಟು, ಹತ್ತು ನಿಮಿಷ. ಅದು ಮುಗಿಯುತ್ತಲೇ ಅಮ್ಮ ಮತ್ತೆ ಬೆರಳಿಟ್ಟಳು. ಮತ್ತೆ ಒತ್ತಿದೆ. ಸ್ಟೋರ್ ಆಗಲಿ ಹುಣಸೆಹಣ್ಣಾಗಲಿ ಆ ಹೊತ್ತಿಗೆ ಯಾರ ಮನಸ್ಸಿನಲ್ಲೂ ಇರಲಿಲ್ಲ. ನಸೀಮಾ ಮಾತ್ರ, ಆಂಟಿ, ಹಿಂಗೇ ಮಾಡಿದರೆ ಲಾಕ್ ಆಗುತ್ತೆ ಎಂದು ಎರಡು ಸಲ ಎಚ್ಚರಿಸಿದಳು. ಹಾಗೇ ಆಯಿತು. ನಾಳೆ ಪ್ರಯತ್ನಿಸಿ ಎಂದು ಕೆಂಪು ಅಕ್ಷರ ಬಂತು.

ಅಕ್ಕನಿಂದ ಉತ್ತರವಿಲ್ಲ. ಒಂದರ ಹಿಂದೊಂದು ಅಷ್ಟು ಮೆಸೇಜು ಬಂದರೆ ಯಾರೋ ಕಳ್ಳರು ಎಂದುಕೊಂಡಿರಬೇಕು. ಅಥವಾ ಕಳ್ಳರಲ್ಲ ಎಂದು ಗೊತ್ತಾಗಿಯೇ ಸುಮ್ಮನಿದ್ದಳೋ.

ನಾನೇ ಒಂದು ಫೋನ್ ಮಾಡಬಹುದಿತ್ತಲ್ಲ ಎಂದು ನೀವು ಕೇಳುತ್ತೀರಿ. ಮಾಡಬಹುದಿತ್ತು. ಹಲೋ ಎಂದ ಮೇಲೆ ಏನು ಹೇಳಬೇಕು ಎನ್ನುವುದು ಗೊತ್ತಿದ್ದವರು ಎರಡು ವರ್ಷ ಸುಮ್ಮನಿರುವುದಿಲ್ಲ.

ಮಾರನೆಯ ದಿನ ಅಮ್ಮ ಬೆಳಿಗ್ಗೆಯಿಂದ ಕೇಳುತ್ತಿದ್ದಳು, ಬೀಗ ತೆಗೆದಿದೆಯಾ ಅದು? ಮಧ್ಯಾಹ್ನ ತೆಗೆಯಿತು. ಒಂದೇ ಸಲ ಒತ್ತಿ ಕೂತೆ. ಅರ್ಧ ಗಂಟೆಯಾದ ಮೇಲೆ ನನ್ನ ವಾಟ್ಸಾಪಿನಲ್ಲಿ ಅಕ್ಕನ ಹೆಸರು ಮೇಲೆ ಬಂತು. ಆರು ಅಂಕಿಗಳು. ಹೇಗಿದ್ದೀಯಾ ಇಲ್ಲ, ಯಾಕೆ ಬೇಕು ಇಲ್ಲ. ಬರೀ ಆರು ಅಂಕಿಗಳು.

ಅವು ಕೆಲಸ ಮಾಡಲಿಲ್ಲ. ಅವಧಿ ಮುಗಿದಿತ್ತು.

ಇನ್ನೊಮ್ಮೆ ಒತ್ತಿದೆ. ಈ ಸಲ ಒಂದು ನಿಮಿಷವೂ ಆಗಲಿಲ್ಲ. ಅಂಕಿಗಳು ಬಂದವು. ಫೋನನ್ನು ಕೈಯಲ್ಲೇ ಹಿಡಿದುಕೊಂಡು ಕೂತಿದ್ದಾಳೆ ಎಂದಾಯಿತು.

ಓಟಿಪಿಯನ್ನು ಯಾರೊಂದಿಗೂ ಹಂಚಿಕೊಳ್ಳಬೇಡಿ ಎಂದು ಆ ಮೆಸೇಜಿನಲ್ಲೇ ಬರೆದಿರುತ್ತದೆ. ಬ್ಯಾಂಕಿನವರು ಹೇಳುತ್ತಾರೆ, ಪೊಲೀಸರು ಹೇಳುತ್ತಾರೆ, ಕಾಲರ್ ಟ್ಯೂನೂ ಹೇಳುತ್ತದೆ. ಅಕ್ಕ ಹಂಚಿಕೊಂಡಳು. ಯಾರು, ಏನು ಎಂದು ಒಂದು ಮಾತು ಕೇಳದೆ ಹಂಚಿಕೊಂಡಳು.

ಥ್ಯಾಂಕ್ಸ್ ಎಂದು ಬರೆದು ಅಳಿಸಿದೆ. ಅಕ್ಕನಿಗೆ ಯಾರು ಥ್ಯಾಂಕ್ಸ್ ಹೇಳುತ್ತಾರೆ?

ಸೈಟಿನ ಒಳಗೆ ಹೋದೆವು. ಫೋನಿನಲ್ಲಿದ್ದ ನಸೀಮಾ, ಮೊದಲು ಸೆಟ್ಟಿಂಗಿಗೆ ಹೋಗಿ ಆ ನಂಬರ್ ತೆಗೆದು ನಿನ್ನ ನಂಬರ್ ಹಾಕು, ಇಲ್ಲದಿದ್ದರೆ ದಿನಾ ಇದೇ ಗೋಳು ಎಂದಳು. ಸ್ಪೀಕರ್ ಆನ್ ಇತ್ತು. ಅಮ್ಮನಿಗೂ ಕೇಳಿಸಿತು.

"ಬ್ಯಾಡ ಕಣಮ್ಮ" ಎಂದಳು. "ಅವಳ ನಂಬರೇ ಇರ್ಲಿ ಬುಡು."

ನಾನು ಅಪ್ಪನ ಕಡೆ ನೋಡಿದೆ. ಅವರು ಗೋಣಿಚೀಲ ಹೊಲಿಯುತ್ತಿದ್ದರು. ಕೇಳಿಸದವರ ಹಾಗೆ ಹೊಲಿಯುತ್ತಲೇ ಇದ್ದರು.

ಸ್ಟೋರ್ ಶುರುವಾಯಿತು. ಮೊದಲ ಆರ್ಡರ್ ಬಂದದ್ದು ನಸೀಮಾಳ ಅಮ್ಮನಿಂದ. (ಅದನ್ನು ಲೆಕ್ಕಕ್ಕೆ ಹಿಡಿಯಬೇಡ ಎಂದು ನಸೀಮಾಳೇ ಹೇಳಿದಳು.) ಆಮೇಲೆ ಗೌಡಗೆರೆಯಿಂದ ಒಂದು, ತುಮಕೂರಿನಿಂದ ಎರಡು. ಫೋಟೊ ನೆಕ್ಕದೆಯೂ ಜನ ಕೊಳ್ಳುತ್ತಾರೆ ಎಂದು ಅಪ್ಪ ಆಶ್ಚರ್ಯಪಟ್ಟರು. ಅಮ್ಮನ ಪ್ರಶ್ನೆ ಬೇರೆ. ಪ್ರತಿ ಆರ್ಡರಿಗೂ ಯಾವೂರು ಎಂದು ಕೇಳುವಳು. ಒಂದು ದಿನ ಪಾವಗಡದಿಂದ ಬಂತು. ಅಮ್ಮ ಒಲೆ ಸಣ್ಣ ಮಾಡಿ ಓಡಿ ಬಂದಳು. ಹೆಸರು ಓದಿದೆ. ಯಾರೋ ಮೇಷ್ಟ್ರು. ಅಮ್ಮ ಹೂಂ ಎಂದು ಒಳಗೆ ಹೋದಳು. ಆದರೆ ಆ ಪೊಟ್ಟಣವನ್ನು ಅವಳೇ ಕಟ್ಟಿದಳು, ಒಂದು ಹಿಡಿ ಹೆಚ್ಚಿಗೆ ಹಾಕಿ. ಆ ಊರಿನಲ್ಲಿ ನಮ್ಮ ಹಣ್ಣಿನ ಸಾರು ಯಾರ ಮನೆಯಲ್ಲಾದರೂ ಕುದಿಯಲಿ ಎಂದಿರಬೇಕು.

ದಿನಾ ಬೆಳಿಗ್ಗೆ ಆರ್ಡರ್ ನೋಡಲು ಲಾಗಿನ್ ಆಗುತ್ತಿದ್ದೆ. ಓಟಿಪಿ ಪಾವಗಡಕ್ಕೆ ಹೋಗುವುದು, ಅಂಕಿಗಳು ಮಧುಗಿರಿಗೆ ಬರುವುದು. ನಾನು ಕೇಳುವುದಿಲ್ಲ, ಅವಳು ಹೇಳುವುದಿಲ್ಲ. ಒಂದು ದಿನ ತಡವಾಯಿತು. ಅಂಕಿಗಳ ಕೆಳಗೆ ಒಂದು ಪದವಿತ್ತು. "ಬಸ್ಸಲ್ಲಿದ್ದೆ."

ಅಮ್ಮನಿಗೆ ತೋರಿಸಿದೆ. ಅವಳು ಕನ್ನಡಕ ಹಾಕಿಕೊಂಡು ಓದಿದಳು. ಒಂದೇ ಪದವನ್ನು ಎಷ್ಟು ಹೊತ್ತು ಓದಬಹುದು?

"ಯಾವ ಬಸ್ಸೂಂತ ಕೇಳು" ಎಂದಳು.

ನಾನು ಕೇಳಲಿಲ್ಲ. ನನ್ನ ಸ್ವಭಾವವೇ ಹಾಗೆ. ಕೆಲಸಕ್ಕೆ ಹೋಗುವ ಹೆಂಗಸು, ಬಸ್ಸಿನಲ್ಲಿ ನಿಂತು, ಬ್ಯಾಗಿನೊಳಗೆ ಕೈ ಹಾಕಿ ಫೋನ್ ತೆಗೆದು ನಮಗಾಗಿ ಅಂಕಿ ಟೈಪ್ ಮಾಡಬೇಕೇ? ಸಂಕೋಚವಾಯಿತು. ಮಾರನೆಯ ದಿನ ಲಾಗಿನ್ ಆಗುವಾಗ ಕೆಳಗಿದ್ದ ಪುಟ್ಟ ಚೌಕಕ್ಕೆ ಟಿಕ್ ಹಾಕಿದೆ. ಈ ಕಂಪ್ಯೂಟರನ್ನು ನೆನಪಿಟ್ಟುಕೋ ಎನ್ನುವ ಚೌಕ. ಒಮ್ಮೆ ಹಾಕಿದರೆ ಮತ್ತೆ ಓಟಿಪಿ ಕೇಳುವುದಿಲ್ಲ.

ಈಗ ಎಲ್ಲದರಲ್ಲೂ ಇಂಥದೊಂದು ಚೌಕ ಇದೆ, ಗಮನಿಸಿದ್ದೀರಾ? ದಾರಿ ಗೊತ್ತಿಲ್ಲದಿದ್ದರೆ ಮ್ಯಾಪ್, ಹಬ್ಬದ ತಿಥಿಗೆ ಆ್ಯಪ್, ಹಪ್ಪಳದ ಹಿಟ್ಟಿನ ಹದಕ್ಕೆ ಯೂಟ್ಯೂಬ್. ಯಾರೂ ಯಾರನ್ನೂ ಕೇಳಬೇಕಾಗಿಲ್ಲ. ತೊಂದರೆ ಕೊಡದಿರುವುದೇ ದೊಡ್ಡ ಮರ್ಯಾದೆ ಎಂದು ನಾವೆಲ್ಲ ಕಲಿತುಬಿಟ್ಟಿದ್ದೇವೆ. ನಾನಂತೂ ಚೆನ್ನಾಗಿ ಕಲಿತಿದ್ದೇನೆ.

ನಾಲ್ಕೈದು ದಿನ ಹೀಗೇ ಹೋಯಿತು. ಅಂಕಿಗಳಿಲ್ಲ. ಅಮ್ಮ ಫೋನಿನ ಕಡೆ ನೋಡುವಳು, ನಾನು ಪೊಟ್ಟಣಕ್ಕೆ ಅಡ್ರೆಸ್ ಅಂಟಿಸುವೆನು.

ಮೊನ್ನೆ ಬೆಳಿಗ್ಗೆ ಅಮ್ಮ ಅಂಗಡಿಗೆ ಬಂದಿರಲಿಲ್ಲ. ನಾನು ಆರ್ಡರ್ ನೋಡುತ್ತಿದ್ದೆ. ಅಪ್ಪ ಎಂದಿನಂತೆ ಬೆನ್ನು ಹಾಕಿ ಕೂತು ಉಂಡೆ ತೂಗುತ್ತಿದ್ದರು. ತೂಗುತ್ತಲೇ ಕೇಳಿದರು.

"ಈಗ ಅದು ನಂಬರ್ ಕೇಳಲ್ವೇನಮ್ಮ?"

ನಾನು ವಿವರಿಸಿದೆ. ಒಂದು ಟಿಕ್ ಹಾಕಿದ್ದೇನೆ ಅಪ್ಪ, ಇನ್ನು ಕೇಳುವುದಿಲ್ಲ, ಯಾರಿಗೂ ತೊಂದರೆಯಿಲ್ಲ ಎಂದೆ.

ಅಪ್ಪ ಒಂದು ಉಂಡೆ ತೆಗೆದರು, ಇನ್ನೊಂದು ಇಟ್ಟರು. ತಕ್ಕಡಿ ಸಮಕ್ಕೆ ಬಂದು ನಿಲ್ಲುವವರೆಗೂ ಅದನ್ನೇ ನೋಡುತ್ತಿದ್ದರು. ಆಮೇಲೆ, ನನ್ನ ಕಡೆ ತಿರುಗದೆ, ಹೇಳಿದರು.

"ಆ ಟಿಕ್ಕು ತೆಗ್ದ್‌ಬುಡು, ಮಗ."