ವಾರಿಜಾಕ್ಷಿಯವರ ಮೆದುಳಿನೊಳಗೆ ನಾನು ಎಳೆದ ಹಸಿರು ಹಾದಿ

ಉರ್ವ ಮಾರ್ಕೆಟಿನಲ್ಲಿ ಮೂವತ್ತು ವರ್ಷ ಮೀನು ಮಾರಿದ ವಾರಿಜಾಕ್ಷಿಯವರಿಗೆ ನಾಲಗೆಯೇ ಬಂಡವಾಳ. ಚೌಕಾಶಿ, ಬೈಗುಳ, ಮೊಮ್ಮಗಳು ಮೋಕ್ಷಾಳನ್ನು ಮಲಗಿಸುವ ಹಾಡು, ಎಲ್ಲವೂ ತುಳುವಿನಲ್ಲಿ. ಬ್ಯಾಂಕಿಗೋ ಆಸ್ಪತ್ರೆಗೋ ಹೋದರೆ ಮಾತ್ರ ಸೆರಗು ಸರಿಮಾಡಿಕೊಂಡು, ಐದನೇ ಕ್ಲಾಸಿನವರೆಗೆ ಕಲಿತ ಕನ್ನಡ ಹೊರತೆಗೆಯುತ್ತಿದ್ದರು. ನಮ್ಮೂರಿನಲ್ಲಿ ಎಲ್ಲರೂ ಹಾಗೆಯೇ. ಮನೆಯಲ್ಲಿ ಬ್ಯಾರಿ ಮಾತಾಡುವ ನಾನೂ ಆಸ್ಪತ್ರೆಯ ಬಾಗಿಲು ದಾಟಿದ ಕೂಡಲೇ ಕನ್ನಡದವಳು.

ಕಳೆದ ವರ್ಷ ಮೀನು ಕತ್ತರಿಸುವಾಗ ಅವರ ಬಲಗೈ ಸೋಲತೊಡಗಿತು. ಮೆದುಳಿನ ಎಡಭಾಗದಲ್ಲಿ ಗೆಡ್ಡೆ. ಆಪರೇಷನ್ನಿಗೆ ಮೊದಲು ಕಂಪ್ಯೂಟರಿನಲ್ಲಿ ಹಾದಿ ನೋಡಿಡುವುದು ನನ್ನ ಕೆಲಸ. ಸ್ಕ್ಯಾನ್ ಚಿತ್ರಗಳಿಂದ ಸಾಫ್ಟ್‌ವೇರ್ ರೋಗಿಯ ಮೆದುಳನ್ನೇ ಪರದೆಯ ಮೇಲೆ ಕಟ್ಟುತ್ತದೆ. ಎಲ್ಲಿಂದ ಹೊಕ್ಕರೆ ಏನು ಹಾಳಾದೀತು ಎಂದು ಮೊದಲೇ ನೋಡಬಹುದು.

"ಕೈ ಹೋದ್ರೆ ಹೋಗ್ಲಿ ಫಾಯಿಝಾ ಮೇಡಂ, ಮಾತು ಹೋಗ್ಬಾರ್ದು. ಮಾತಿಲ್ಲದೆ ನಾನು ಎಂತ ಮಾಡ್ಲಿ?" ಎಂದಿದ್ದರು.

ಮಾತಿನ ಜಾಗ ಗುರುತಿಸಲು ಸ್ಕ್ಯಾನ್ ಯಂತ್ರದೊಳಗೆ ಮಲಗಿಸಿ ಚಿತ್ರ ತೋರಿಸುತ್ತೇವೆ. ಹೆಸರು ಹೇಳುವಾಗ ಕೆಲಸ ಮಾಡುವ ಭಾಗ ಪರದೆಯಲ್ಲಿ ಕೆಂಪಾಗುತ್ತದೆ. ಮೊದಲು ಹೊರಗೆ ಅಭ್ಯಾಸ ಮಾಡಿಸಿದೆ. ಬೆಕ್ಕಿನ ಕಾರ್ಡು ಹಿಡಿದೆ.

"ಪುಚ್ಚೆ."

"ಕನ್ನಡದಲ್ಲಿ ಹೇಳಿ ಅಮ್ಮ."

ನಾಚಿಕೊಂಡು ತಿದ್ದಿಕೊಂಡರು. "ಬೆಕ್ಕು."

ಆಮೇಲೆ ಯಂತ್ರದೊಳಗೂ ಒಂದೂ ತಪ್ಪಲಿಲ್ಲ, ಎಲ್ಲವೂ ಕನ್ನಡದಲ್ಲೇ.

ನಾನು ಎಳೆದ ಮೂರು ಹಾದಿಗಳಲ್ಲಿ ಕೆಂಪನ್ನು ಎಲ್ಲೂ ಮುಟ್ಟದ ಒಂದಕ್ಕೆ ಸಾಫ್ಟ್‌ವೇರ್ ಹಸಿರು ಬಣ್ಣ ಕೊಟ್ಟಿತು. ಡಾಕ್ಟರು ಅದರಲ್ಲೇ ಹೋದರು. ಗೆಡ್ಡೆ ಪೂರ್ತಿ ಬಂತು, ಕೈಯೂ ಉಳಿಯಿತು. ಸಂಜೆ ಕ್ಯಾಂಟೀನಿನಲ್ಲಿ ಎಲ್ಲರಿಗೂ ಗೋಳಿಬಜೆ ಕೊಡಿಸಿದೆ, ಮೂರ್ಖಳು ನಾನು.

ಐದನೇ ದಿನ ಅವರ ಗಂಡ ಲೋಕಯ್ಯ ನನ್ನ ಕೋಣೆಯ ಬಾಗಿಲಲ್ಲಿ ನಿಂತಿದ್ದರು.

"ಇವಳು ನನ್ನತ್ರವೂ ಕನ್ನಡದಲ್ಲೇ ಮಾತಾಡ್ತಾಳೆ ಮೇಡಂ, ಬ್ಯಾಂಕಿನವರತ್ರ ಮಾತಾಡಿದ ಹಾಗೆ. ಮೋಕ್ಷಾ ಹತ್ತಿರ ಹೋಗ್ಲಿಕ್ಕೇ ಹೆದರ್ತದೆ."

ಎರಡು ಭಾಷೆಗಳು ಮೆದುಳಿನಲ್ಲಿ ಬೇರೆ ಬೇರೆ ಕಡೆ ಇರಬಹುದೆಂದು ನಾನು ಓದಿದ್ದೆ. ಪರೀಕ್ಷೆಯಲ್ಲಿ ಬರೆದು ಅಂಕವನ್ನೂ ತೆಗೆದಿದ್ದೆ. ಸಾಫ್ಟ್‌ವೇರನ್ನು ಬೈದು ಏನು ಪ್ರಯೋಜನ? ಅದಕ್ಕೆ ನಾನು ತುಳುವನ್ನು ತೋರಿಸಲೇ ಇಲ್ಲ.

ಅದೇ ಕಾರ್ಡು ಹಿಡಿದು ವಾರ್ಡಿಗೆ ಹೋದೆ.

"ಬೆಕ್ಕು," ತಟ್ಟನೆ ಹೇಳಿದರು.

"ಮನೆಯಲ್ಲಿ ಎಂತ ಹೇಳ್ತೀರಿ ಅಮ್ಮ?"

ತುಟಿ ಅಲ್ಲಾಡಿತು, ಮಾತು ಬರಲಿಲ್ಲ. ಲೋಕಯ್ಯ ಪಕ್ಕದಿಂದ ಮೆಲ್ಲನೆ "ಪುಚ್ಚೆ" ಎಂದು ಹೇಳಿಕೊಟ್ಟರು. ಗಂಡನ ಬಾಯಿಯನ್ನೇ ನೋಡುತ್ತಾ ಅವರು ಎರಡು ಸಲ ಬಾಯಿ ತೆರೆದು ಮುಚ್ಚಿದರು. ಆಮೇಲೆ, ತಪ್ಪು ಮಾಡಿದವರಂತೆ ನನ್ನ ಕಡೆ ತಿರುಗಿದರು.

"ಕನ್ನಡದಲ್ಲಿ ಹೇಳಿ ಅಂತ ನೀವೇ ಹೇಳಿದ್ದಲ್ವಾ ಮೇಡಂ?"