ನೀಲಪ್ಪ ಕೊಳ್ಳದ ಸ್ಕೂಟರ್

ಇಳಕಲ್ಲಿನಲ್ಲಿ ಗಾಡಿ ಕೊಳ್ಳುವವರು ಶೋರೂಮಿಗೆ ಹೋಗುವ ಮೊದಲು ನನ್ನ ಗ್ಯಾರೇಜಿಗೆ ಬರುತ್ತಾರೆ. ಮೂವತ್ತು ವರ್ಷದಿಂದ ಹುನಗುಂದ ರಸ್ತೆಯ ಮೇಲೆ ಕೈಗೆ ಎಣ್ಣೆ ಮೆತ್ತಿಕೊಂಡು ಕುಳಿತವನು ನಾನು, ಬಾಬುಸಾಬ. ಸ್ಕೂಟರ್ ಒಳ್ಳೆಯದೋ ಮೋಟಾರ್ ಸೈಕಲ್ ಒಳ್ಳೆಯದೋ ಎಂದು ಕೇಳಿದರೆ ನಿಂತ ಕಾಲಲ್ಲೇ ಹೇಳುತ್ತೇನೆ. ಹೇಳಿದ ಮೇಲೂ ಮತ್ತೊಬ್ಬರನ್ನು ಕೇಳಲು ಹೋದವರ ಗಾಡಿ ಪಂಕ್ಚರ್ ಆದರೆ ನನಗೆ ಒಳಗೊಳಗೇ ಖುಷಿಯಾಗುತ್ತದೆ. ನನ್ನ ಸ್ವಭಾವವೇ ಹಾಗೆ, ಮುಚ್ಚಿಡುವುದೇನಿದೆ. ಆದರೆ ನೀಲಪ್ಪನ ವಿಷಯದಲ್ಲಿ ನಾನು ಕೊಟ್ಟ ಸಲಹೆಯನ್ನು ನೆನೆದರೆ ಇವತ್ತಿಗೂ ಕೈಯಲ್ಲಿನ ಕೆಲಸ ನಿಂತುಹೋಗುತ್ತದೆ.

ನೀಲಪ್ಪ ನನ್ನ ಜೊತೆ ಒಂದೇ ಸಾಲಿನಲ್ಲಿ ಕುಳಿತು ಅಕ್ಷರ ಕಲಿತವನು. ಅಕ್ಷರ ಅವನಿಗೆ ಹತ್ತಿತು, ನನಗೆ ಹತ್ತಲಿಲ್ಲ. ಅವನು ಹುನಗುಂದದ ಕೋರ್ಟಿನಲ್ಲಿ ಜವಾನನಾದ. ಬಾಗಿಲಲ್ಲಿ ನಿಂತು ಕಕ್ಷಿದಾರರ ಹೆಸರನ್ನು ಮೂರು ಸಲ ಕೂಗುವುದು ಅವನ ಕೆಲಸ. ಅಲ್ಲಿ ಆವರಣದ ಆಚೆಗೂ ಕೇಳುವ ದನಿ ಮನೆಗೆ ಬಂದರೆ ಪಿಸುಮಾತಾಗುತ್ತಿತ್ತು. ಹಗಲೆಲ್ಲ ತಾರೀಖುಗಳ ನಡುವೆ ಬದುಕಿ ಅವನ ಸಂಸಾರಕ್ಕೂ ಅದೇ ಗಾಳಿ ಬಡಿದಿತ್ತು. ಮನೆಯ ಮಾಳಿಗೆ ಸೋರುತ್ತದಲ್ಲೋ ಎಂದರೆ ಬೇಸಿಗೆಗೆ ನೋಡೋಣ ಎನ್ನುವನು, ಬೇಸಿಗೆಯಲ್ಲಿ ಕೇಳಿದರೆ ಈಗೆಲ್ಲಿ ಸೋರುತ್ತದೆ ಎನ್ನುವನು. 'ನಿನ್ನ ಹೆಣಾನೂ ಮುಂದಿನ ತಾರೀಖಿಗೆ ಎತ್ತಬೇಕಾಗತೈತಿ ಲೇ' ಎಂದು ನಾನು ಚೇಷ್ಟೆ ಮಾಡುತ್ತಿದ್ದೆ. ಎಲ್ಲದರಲ್ಲೂ ಹಿಂದೆ ಬೀಳುವ ಈ ಮನುಷ್ಯ ಹೆಂಡತಿಯ ವಿಷಯದಲ್ಲಿ ಮಾತ್ರ ಒಂದು ದಿನವೂ ಹಿಂದೆ ಬೀಳಲಿಲ್ಲ.

ಹೆಂಡತಿ ಸಿದ್ದವ್ವ ಸೀರೆ ನೇಯುವವಳು. ಪಡಸಾಲೆಯ ಕುಣಿಮಗ್ಗದಲ್ಲಿ ಕಾಲು ಇಳಿಬಿಟ್ಟು ಕುಳಿತರೆ ಮಧ್ಯಾಹ್ನದವರೆಗೆ ಏಳುತ್ತಿರಲಿಲ್ಲ. ಮಗಳು ಶೈಲಾಳನ್ನು ಬಾದಾಮಿಗೆ ಕೊಟ್ಟು ಮದುವೆ ಮಾಡಿ, ಗಂಡ ಹೆಂಡತಿ ಇಬ್ಬರೇ ಹಗುರಾಗಿದ್ದರು. ಅಷ್ಟರಲ್ಲಿ ಅವಳ ಕಾಲು ಬಾತುಕೊಳ್ಳತೊಡಗಿತು. ಮಗ್ಗದಲ್ಲಿ ಕುಳಿತು ಕುಳಿತು ಹೀಗಾಗಿದೆ ಎಂದು ನಾಲ್ಕು ತಿಂಗಳು ಎಣ್ಣೆ ತಿಕ್ಕಿಕೊಂಡಳು. ಕಡೆಗೆ ತೋರಿಸಿದಾಗ ಎರಡೂ ಕಿಡ್ನಿ ಕೆಟ್ಟಿವೆ ಎಂದು ಗೊತ್ತಾಯಿತು. ಹುನಗುಂದದ ದವಾಖಾನೆಯಲ್ಲಿ ಮಂಗಳವಾರ, ಶುಕ್ರವಾರ ಡಯಾಲಿಸಿಸ್ ಎಂದು ನಿಗದಿಯಾಯಿತು.

ಮೊದಲು ಬಸ್ಸಿನಲ್ಲಿ ಹೋದರು. ಹೆಂಗಸರಿಗೆ ಟಿಕೆಟ್ ಇಲ್ಲವೆಂದಾದ ಮೇಲೆ ಬಸ್ಸಿನಲ್ಲಿ ಕಾಲಿಡಲು ಜಾಗ ಇರುತ್ತಿರಲಿಲ್ಲ. ಹೋಗುವಾಗ ಹೇಗೋ ನಡೆಯುತ್ತಿತ್ತು. ನಾಲ್ಕು ತಾಸು ರಕ್ತ ಸೋಸಿಕೊಂಡು ಹೊರಬಂದವಳು ಕಂಬಿ ಹಿಡಿದು ನಿಲ್ಲುವುದೆಲ್ಲಿ ಬಂತು? ಎರಡು ಸಲ ಬಸ್ಸಿನಲ್ಲಿ ಕುಸಿದಳು. ಆಮೇಲೆ ನೀಲಪ್ಪ ತನ್ನ ಮೋಟಾರ್ ಸೈಕಲ್ಲಿನ ಮೇಲೆಯೇ ಕರೆದೊಯ್ಯತೊಡಗಿದ. ಹೇಗೂ ದಿನಾ ಅದರ ಮೇಲೆಯೇ ಕೋರ್ಟಿಗೆ ಹೋಗುತ್ತಿದ್ದ. ಮುಂಜಾನೆ ಅವಳನ್ನು ದವಾಖಾನೆಯಲ್ಲಿ ಬಿಟ್ಟು, ಮಧ್ಯಾಹ್ನದ ಬಿಡುವಿನಲ್ಲಿ ಮನೆಗೆ ತಂದು ಮುಟ್ಟಿಸಿ, ಊಟ ಬಿಟ್ಟು ಮತ್ತೆ ಕೋರ್ಟಿಗೆ ಓಡುತ್ತಿದ್ದ.

ಆ ಗಾಡಿಯ ಸೀಟು ಎತ್ತರ. ಸಿದ್ದವ್ವನಿಗೆ ಹತ್ತಲು ಕಟ್ಟೆ ಬೇಕಾಗುತ್ತಿತ್ತು. ಇಳಕಲ್ಲಿನಿಂದ ಹುನಗುಂದದವರೆಗೆ ಎಲ್ಲೆಲ್ಲಿ ಯಾವ ಕಟ್ಟೆ ಎಷ್ಟು ಎತ್ತರ ಎಂಬುದು ನೀಲಪ್ಪನಿಗೆ ಬಾಯಿಪಾಠವಾಗಿತ್ತು. ಬರುವಾಗ ಅವಳಿಗೆ ತೂಕಡಿಕೆ. ಬಿದ್ದಾಳೆಂದು ಅವಳದೇ ಒಂದು ಹಳೆಯ ಸೀರೆಯನ್ನು ಮಡಿಸಿ ಅವಳ ನಡುವಿಗೂ ತನ್ನ ನಡುವಿಗೂ ಸುತ್ತಿ ಗಂಟು ಹಾಕುತ್ತಿದ್ದ. ಮೊದಲ ದಿನ ನೋಡಿದವರು ನಕ್ಕರು. 'ನೀಲಪ್ಪ ಹೆಂಡ್ತೀನ್ನ ಕಟ್ಟಿಕೊಂಡ ಅಡ್ಡಾಡತಾನ' ಎಂದು ಚಹಾದಂಗಡಿಯಲ್ಲಿ ಮಾತಾಯಿತು. ಎರಡನೆಯ ವಾರಕ್ಕೆ ಯಾರೂ ನಗಲಿಲ್ಲ.

ಯುಗಾದಿಗೆ ಇನ್ನೂ ಇಪ್ಪತ್ತು ದಿನವಿತ್ತು. ಒಂದು ರವಿವಾರ ನೀಲಪ್ಪ ನನ್ನ ಗ್ಯಾರೇಜಿಗೆ ಬಂದು ಸ್ಟೂಲಿನ ಮೇಲೆ ಕುಳಿತ.

"ಲೇ ಬಾಬು, ಆಕಿಗೆ ಕಾಲ ಎತ್ತಾಕ ಆಗವಲ್ದು. ಇದನ್ನ ಕೊಟ್ಟು ಸ್ಕೂಟರ್ ತಗೊಂಡ್ರ ಹ್ಯಾಂಗ?"

ಹುಟ್ಟಿದಾಗಿನಿಂದ ಯಾವುದಕ್ಕೂ ತಾನಾಗಿ ಮುಂದೆ ಬರದವನು ಬಂದಿದ್ದ. ನಾನು ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಸ್ಕೂಟರಿನ ಸೀಟು ಕೆಳಗಿರುತ್ತದೆ, ಕಟ್ಟೆ ಬೇಕಾಗುವುದಿಲ್ಲ, ಗೇರು ಇಲ್ಲದ್ದರಿಂದ ಜಗ್ಗಾಟವಿಲ್ಲ, ಸೀಟಿನ ಕೆಳಗೆ ಅವಳ ಫೈಲು, ನೀರಿನ ಬಾಟಲಿ ಇಡಬಹುದು. ಆದರೆ ಗಾಲಿ ಸಣ್ಣದು. ಗ್ರಾನೈಟ್ ಲಾರಿಗಳಿಂದ ಉದುರಿದ ಕಲ್ಲಿನ ಚೂರು ನಮ್ಮ ರಸ್ತೆಯ ತುಂಬ ಇರುತ್ತದೆ, ಅದರ ಮೇಲೆ ಸಣ್ಣ ಗಾಲಿಯನ್ನು ನಾನು ನಂಬುವುದಿಲ್ಲ.

"ಆದ್ರೂ ನಿನ್ನ ಕೆಲಸಕ್ಕ ಸ್ಕೂಟರ್ ಛಲೋ ಲೇ" ಎಂದೆ. "ಸಾವಕಾಶ ಹೋದ್ರ ಏನೂ ಆಗಂಗಿಲ್ಲ. ಶುಕ್ರವಾರ ಆಕೀನ್ನ ಇಲ್ಲೆ ಕರ್ಕೊಂಡ ಬಾ. ಯಾರದರ ಗಾಡಿ ಮ್ಯಾಲ ಕುಂದರಿಸಿ ನೋಡೋಣ."

ಶುಕ್ರವಾರ ಬಂದರು. ಗಂಟು ಬಿಚ್ಚಿ ಸಿದ್ದವ್ವನನ್ನು ಸ್ಟೂಲಿನ ಮೇಲೆ ಕೂರಿಸಿ, ನೀಲಪ್ಪ ಎದುರಿನ ಅಂಗಡಿಗೆ ಗುಳಿಗೆ ತರಲು ಹೋದ. ಅವನು ರಸ್ತೆ ದಾಟುವುದನ್ನೇ ಕಾಯುತ್ತಿದ್ದವಳಂತೆ ಸಿದ್ದವ್ವ ನನ್ನತ್ತ ತಿರುಗಿದಳು.

"ಬಾಬಣ್ಣಾ, ಒಂದ ಮಾತ ನಡಿಸಿ ಕೊಡ್ರಿ. ಅವರಿಗೆ ಸ್ಕೂಟರ್ ಬ್ಯಾಡ ಅಂತ ಹೇಳ್ರಿ."

"ಯಾಕವಾ? ನಿನಗ ಆರಾಮ ಆಗತೈತಿ."

"ನಾ ಎಷ್ಟ ದಿವಸ ಕುಂದರಾಕಿ ಅದರ ಮ್ಯಾಲ? ನಾ ಹೋದ ಮ್ಯಾಲ ಅವರು ದಿನಾ ಅದನ್ನ ಹತ್ತಿ ಕೋರ್ಟಿಗೆ ಹೋಗಬೇಕು. ಆಕಿ ಸಲುವಾಗಿ ತಂದದ್ದು, ಆಕಿ ಇಲ್ಲ ಅಂತ ದಿನಾ ಅಳತಾರ. ಈ ಗಾಡಿ ನಾ ಗಟ್ಟಿ ಇದ್ದಾಗಿಂದ ಐತಿ, ನಾ ಹೋದ ಮ್ಯಾಲೂ ಇರತೈತಿ. ಅವರು ನಿಮ್ಮ ಮಾತ ಬಿಟ್ಟ ಮತ್ತ ಯಾರ ಮಾತೂ ಕೇಳೂದಿಲ್ರಿ. ನನ್ನ ಮ್ಯಾಲ ಆಣಿ ಮಾಡ್ರಿ."

ಅವಳ ಮುಖ ನೋಡಿ ಇಲ್ಲವೆನ್ನಲು ಆಗಲಿಲ್ಲ. ಆಣೆ ಮಾಡಿ ಆಯಿತು ಎಂದೆ. ಖರೆ ಹೇಳಬೇಕೆಂದರೆ ನನಗೆ ಅಷ್ಟು ಕಷ್ಟವೂ ಆಗಲಿಲ್ಲ. ಸಣ್ಣ ಗಾಲಿಯ ಬಗ್ಗೆ ನನ್ನ ತಲೆಯಲ್ಲಿ ಮೊದಲೇ ಇದ್ದ ಹಟಕ್ಕೆ ಅವಳ ಮಾತು ಬೆನ್ನು ತಟ್ಟಿದಂತಾಯಿತು. ಜೊತೆಗೆ, ಅವನು ನನ್ನೊಬ್ಬನ ಮಾತನ್ನೇ ಕೇಳುತ್ತಾನೆ ಎಂದಳಲ್ಲ, ಅದಕ್ಕೂ ಉಬ್ಬಿದೆ. ನೀಲಪ್ಪ ಬರುವುದು ಕಂಡು ಎದ್ದ ಸಿದ್ದವ್ವ, ರಿಪೇರಿಗೆ ಬಂದು ನಿಂತಿದ್ದ ಒಂದು ಸ್ಕೂಟರಿನ ಸೀಟನ್ನು ಅಂಗೈಯಿಂದ ಮೆಲ್ಲಗೆ ಒತ್ತಿ ನೋಡಿದಳು. ಅದನ್ನೂ ಕಂಡೆ. ಕಂಡರೂ ನನ್ನ ಮಂದಬುದ್ಧಿಗೆ ಏನೂ ಹೊಳೆಯಲಿಲ್ಲ.

ಗುಳಿಗೆ ತಂದ ನೀಲಪ್ಪ "ಕುಂತ ನೋಡಿದಳೇನು?" ಎಂದು ಕೇಳಿದ.

"ನೋಡಾಕ ಏನೈತಿ" ಎಂದೆ. "ವಿಚಾರ ಮಾಡಿದೆ ಲೇ. ಯುಗಾದಿ ಕಳೀಲಿ, ಹೊಸಾ ಮಾಡಲ್ ಬರತೈತಂತ."

ಆ ದಿನದಿಂದ ತಾರೀಖು ಕೊಡುವ ಕೆಲಸ ನನ್ನದಾಯಿತು. ಯುಗಾದಿ ಕಳೆಯಿತು. ಬಸವ ಜಯಂತಿಗೆ ಮತ್ತೆ ಕೇಳಿದ. ಈ ಬಿಸಿಲಿಗೆ ಸ್ಕೂಟರಿನ ಟೈರು ತಡೆಯುವುದಿಲ್ಲ ಎಂದೆ. ಅದು ಶುದ್ಧ ಸುಳ್ಳು. ಟೈರಿಗೆ ಸ್ಕೂಟರ್ ಯಾವುದು, ಮೋಟಾರ್ ಸೈಕಲ್ ಯಾವುದು ಎಂದು ಗೊತ್ತಿರುತ್ತದೆಯೇ? ನೀಲಪ್ಪ ಅದನ್ನೂ ನಂಬಿದ. ಬೇರೆ ಯಾರಾದರೂ 'ಸ್ಕೂಟರ್ ತಗೊಳ್ಳಪಾ' ಎಂದರೆ 'ಬಾಬು ಹೇಳ್ಯಾನ, ಈಗ ಬ್ಯಾಡಂತ' ಎನ್ನುತ್ತಿದ್ದನಂತೆ. ಹಿಂದೆ ಕುಳಿತ ಸಿದ್ದವ್ವ ನನ್ನ ಗ್ಯಾರೇಜಿನ ಮುಂದೆ ಹಾದಾಗ ಸಣ್ಣಗೆ ನಗುತ್ತಿದ್ದಳು. ಒಳ್ಳೆಯ ಕೆಲಸ ಮಾಡುತ್ತಿದ್ದೇನೆ ಎಂದುಕೊಂಡು ನಾನೂ ನಗುತ್ತಿದ್ದೆ.

ಮಳೆಗಾಲ ಹಿಡಿಯಿತು. ಒಂದು ಮಂಗಳವಾರ ಮಧ್ಯಾಹ್ನ ಬರುವಾಗ ಸಿದ್ದವ್ವ ತೂಕಡಿಸಿ ಪಕ್ಕಕ್ಕೆ ಜಾರಿದಳು. ಗಂಟು ತಡೆಯಿತು, ಬೀಳಲಿಲ್ಲ. ಆದರೆ ಕಾಲು ಕೆಳಗೆ ಬಿದ್ದು ಚಪ್ಪಲಿ ಹೋಗಿ, ನೀಲಪ್ಪ ಬ್ರೇಕ್ ಹಾಕುವಷ್ಟರಲ್ಲಿ ಹಿಮ್ಮಡಿ ರಸ್ತೆಗೆ ಉಜ್ಜಿ ಕಿತ್ತುಹೋಯಿತು. ರಕ್ತ ಸುರಿಯುವ ಕಾಲಿಗೆ ತನ್ನ ಟವೆಲ್ ಸುತ್ತಿ ನೇರ ನನ್ನ ಗ್ಯಾರೇಜಿಗೆ ಬಂದ. ಕೋರ್ಟಿನ ದನಿ ಮೊದಲ ಸಲ ನನ್ನ ಮುಂದೆ ಬಂತು.

"ಇನ್ನ ಸಾಕ ಬಾಬು! ಪಂಚಮಿಗೆ ಸ್ಕೂಟರ್ ತರತೇನಿ. ನೀ ಏನೂ ಹೇಳಬ್ಯಾಡ."

ಅವನ ಹೆಗಲ ಮೇಲಿಂದ ಸಿದ್ದವ್ವ ನನ್ನನ್ನು ನೋಡುತ್ತಿದ್ದಳು. ಆ ನೋವಿನಲ್ಲೂ ತಲೆ ಅಡ್ಡ ಆಡಿಸಿದಳು. ನಾನು ಮಾತು ಕೊಟ್ಟವನಲ್ಲವೇ, ಮಾತಿಗೆ ತಪ್ಪುವ ಜಾತಿಯಲ್ಲ ನಮ್ಮದು ಎಂಬ ಹೆಮ್ಮೆ ಬೇರೆ.

"ಹುಚ್ಚಪ್ಪಾ, ಮೋಟಾರ್ ಸೈಕಲ್ ಮ್ಯಾಲ ಇಷ್ಟ ಆತು. ಶ್ರಾವಣದ ಮಳ್ಯಾಗ ಸಣ್ಣ ಗಾಲಿ ಜಾರಿದ್ರ ಏನ್ ಗತಿ?" ಎಂದೆ. "ದಸರಾಕ್ಕ ತಗೊ. ಆಯುಧ ಪೂಜಾಕ್ಕ ನಾನ ನಿಂತ ಪೂಜಿ ಮಾಡಿಸಿ ಕೊಡತೇನಿ."

ಅವನು ನಡುವಿನ ಗಂಟನ್ನು ಮತ್ತೊಮ್ಮೆ ಬಿಗಿದ. ಆಮೇಲೆ "ಆತು, ದಸರಾಕ್ಕ" ಎಂದ.

ಪಂಚಮಿಯಾಗಿ ಎಂಟನೆಯ ದಿನಕ್ಕೆ ಸಿದ್ದವ್ವ ತೀರಿಕೊಂಡಳು. ಮುಂಜಾನೆ ಮಗ್ಗದ ಪಕ್ಕ ಕುಳಿತು ತಲೆ ಬಾಚಿಕೊಳ್ಳುತ್ತಿದ್ದವಳು ಗೋಡೆಗೆ ಒರಗಿದಳು, ಅಷ್ಟೇ. ಶೈಲಾ ಬಾದಾಮಿಯಿಂದ ಬರುವವರೆಗೆ ಹೆಣವನ್ನು ಕೂರಿಸಿದ್ದರು. ನಾನೂ ಮಣ್ಣಿಗೆ ಹೋದೆ. ಒಂದು ಹಿಡಿ ಮಣ್ಣು ಹಾಕುವಾಗ ಹಿಮ್ಮಡಿಯ ಪಟ್ಟಿ ಕಣ್ಣಿಗೆ ಬಿತ್ತು. ಗಾಯ ಇನ್ನೂ ಮಾಯ್ದಿರಲಿಲ್ಲ.

ಮೂರು ವಾರದ ಮೇಲೆ ನೀಲಪ್ಪ ಗಾಡಿ ತಂದು ನಿಲ್ಲಿಸಿದ. ಮುಖ ಬಾಡಿ ಇಷ್ಟೇ ಆಗಿತ್ತು. ಕೋರ್ಟಿಗೆ ಹೋಗಲು ಶುರುಮಾಡಬೇಕು, ಒಮ್ಮೆ ಸರ್ವಿಸ್ ಮಾಡಿಬಿಡು ಎಂದ. ನಾನು ಚೈನಿಗೆ ಎಣ್ಣೆ ಬಿಡುತ್ತ ಕುಳಿತೆ. ಅವನೇ ಮಾತು ತೆಗೆದ.

"ನೀ ಹೇಳಿದ್ದ ಛಲೋ ಆತ್ ನೋಡು. ಸ್ಕೂಟರ್ ತಂದಿದ್ರ ಈಗ ಅದನ್ನ ತಗೊಂಡ ನಾ ಏನ್ ಮಾಡತಿದ್ದೆ?"

ನಾನು ತಲೆ ಎತ್ತದೆ ಚೈನು ತಿರುಗಿಸಿದೆ.

"ಕಡೀ ಶುಕ್ರವಾರ ಬರೂವಾಗ ನಮ್ಮ ಬಾಜೂಕ ಒಂದ ಸ್ಕೂಟರ್ ಹೋತು. ಹಿಂದ ಒಬ್ಬಾಕಿ ಕುಂತಿದ್ಲು. ಅದು ಕಣ್ಣ ಮರೀ ಆಗೂತನಾ ಈಕಿ ನೋಡೇ ನೋಡಿದ್ಲು. ಎಷ್ಟ ಆರಾಮ ಕುಂತಾಳ ನೋಡ್ರಿ ಅಂದ್ಲು. ಅಷ್ಟ ಅಂದದ್ದು. ಮತ್ತ ಏನೂ ಅನಲಿಲ್ಲ."

ಎಣ್ಣೆಯ ಡಬ್ಬಿ ಕೆಳಗಿಟ್ಟೆ. ಇನ್ನು ಮುಚ್ಚಿಡುವುದು ನನ್ನಿಂದ ಆಗಲಿಲ್ಲ.

"ನೀಲ್ಯಾ, ನಾ ನಿನಗ ಸುಳ್ಳ ಹೇಳೇನಿ. ಟೈರ್ ಸುಳ್ಳು, ಮಳಿ ಸುಳ್ಳು. ಸಿದ್ದವ್ವ ಬ್ಯಾಡ ಅಂದಿದ್ಲು. ಯುಗಾದಿ ಮುಂದ ಇಲ್ಲೇ ಕುಂತು, ನಿನ್ನ ತಡೀಬೇಕಂತ ನನ್ನ ಕಡೆ ಆಣಿ ಮಾಡಿಸಿಕೊಂಡಿದ್ಲು. ತಾ ಹೋದ ಮ್ಯಾಲ ನೀ ಆ ಗಾಡಿ ನೋಡಿ ಅಳತಿ ಅಂತ."

ಬೈಯುತ್ತಾನೆ, ಹೊಡೆಯುತ್ತಾನೆ ಎಂದುಕೊಂಡೆ. ಹೊಡೆದಿದ್ದರೆ ಚೆನ್ನಾಗಿತ್ತು. ಅವನು ಮನೆಯ ಪಿಸುದನಿಯಲ್ಲೇ ಕೇಳಿದ.

"ಆಕಿ ಬ್ಯಾಡ ಅಂದ್ಲಂತ ನೀ ಖರೆ ಅಂತ ತಿಳಕೊಂಡ್ಯಾ?"

"ಆಣಿ ಮಾಡಿದ್ದೆ ಲೇ..."

"ಆಕಿ ಯಾವತ್ತ ಬೇಕಂದಾಳ ಬಾಬು? ರೊಟ್ಟಿ ಬ್ಯಾಡ ಅಂತಿದ್ಲು, ನಾ ಗಂಗಾಳಕ್ಕ ಹಾಕತಿದ್ದೆ, ತಿಂತಿದ್ಲು. ತವರಿಗೆ ಹೋಗೂದ ಬ್ಯಾಡ ಅಂತಿದ್ಲು, ನಾ ಗಾಡಿ ಹೊರಗ ತಗದ್ರ ಚೀಲಾ ಹಿಡಕೊಂಡ ಬಾಗಲದಾಗ ನಿಂತಿರತಿದ್ಲು. ಮೂವತ್ತ ವರ್ಷ ಆಕಿ ಬ್ಯಾಡ ಅನ್ನೂದನ್ನ ದಾಟಿ ದಾಟಿ ಸಂಸಾರ ಮಾಡೇನಿ. ನನ್ನ ಮುಂದ ಬ್ಯಾಡ ಅಂದಿದ್ರ ನಾ ಮರುದಿವಸ ಸ್ಕೂಟರ್ ತರತಿದ್ದೆ. ಅದು ಆಕಿಗೆ ಗೊತ್ತಿತ್ತು. ಅದಕ್ಕ ನಿನ್ನ ಕಡೆ ಅಂದಾಳ."

ಊರಿಗೆಲ್ಲ ಬುದ್ಧಿ ಹೇಳುವವನು ಎಣ್ಣೆಗೈ ಹಾಗೇ ಇಟ್ಟುಕೊಂಡು ಅತ್ತೆ. ಅವನು ಅಳಲಿಲ್ಲ. ಎದ್ದು ಗಾಡಿಯ ಹತ್ತಿರ ಹೋಗಿ ಹಿಂದಿನ ಸೀಟಿನ ಮೇಲೆ ಕೈ ಇಟ್ಟು ನಿಂತ. ಹತ್ತಬಹುದೆಂದು ನಾನು ಕೀಲಿಕೈ ಮುಂದೆ ಹಿಡಿದೆ. ತೆಗೆದುಕೊಳ್ಳಲಿಲ್ಲ.

"ಇಲ್ಲೇ ಇರಲಿ" ಎಂದು ಬಸ್ ಸ್ಟ್ಯಾಂಡಿನ ಕಡೆ ನಡೆದುಬಿಟ್ಟ.

ದಸರಾ ಬಂದು ಹೋಯಿತು. ಗಾಡಿ ಇನ್ನೂ ನನ್ನ ಗ್ಯಾರೇಜಿನಲ್ಲೇ ಇದೆ. ಬ್ಯಾಟರಿ ಸಾಯಬಾರದೆಂದು ವಾರಕ್ಕೊಮ್ಮೆ ಕಿಕ್ ಹೊಡೆದು ಸ್ವಲ್ಪ ಹೊತ್ತು ಚಾಲೂ ಇಡುತ್ತೇನೆ. ನೀಲಪ್ಪ ದಿನಾ ಒಂಬತ್ತರ ಬಸ್ಸಿಗೆ ಹುನಗುಂದಕ್ಕೆ ಹೋಗುತ್ತಾನೆ. ಬಸ್ಸು ನನ್ನ ಗ್ಯಾರೇಜಿನ ಮುಂದೆಯೇ ಹಾಯುತ್ತದೆ. ಅವನು ಗ್ಯಾರೇಜು ಕಾಣದ ಆ ಕಡೆಯ ಕಿಟಕಿಗೆ ಕುಳಿತಿರುತ್ತಾನೆ.